ಜ್ವರದಲ್ಲೂ ಕುಣಿದೆ ಅಂತ ಹೇಳಿಕೊಳ್ಳಬಾರದಿತ್ತು

ಹೋದ ವರ್ಷ ದಸರಾ ಮುಗಿದ ಮರುವಾರ. ನನ್ನ ಭರತನಾಟ್ಯ ಕ್ಲಾಸಿನಲ್ಲಿ ನಾಟ್ಟಡವು, ಅಂದರೆ ಕಾಲು ಚಾಚಿ ಹಿಮ್ಮಡಿ ಊರುವ ಅಡವು (ಹೆಜ್ಜೆ), ನಡೆಯುತ್ತಿತ್ತು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಲಗಾಲು ಚಾಚುತ್ತಾಳೆ, ಹಿಮ್ಮಡಿ ಮಾತ್ರ ನೆಲಕ್ಕೆ ತಾಗಿಸುತ್ತಿಲ್ಲ. ತಾಳ ಹಾಕುವ ತಟ್ಟುಕೋಲು ನಿಲ್ಲಿಸಿ "ಹಿಮ್ಮಡಿ ಎಲ್ಲಮ್ಮಾ?" ಎಂದೆ. "ಇಡ್ತಿದ್ದೀನಿ ಮಿಸ್" ಎಂದಳು. ಕೂರಿಸಿ ಪಾದ ಹಿಡಿದು ನೋಡಿದರೆ ಊದಿತ್ತು. ಮುಟ್ಟಿದರೆ ಬಿಸಿ. ಎಷ್ಟು ದಿನದಿಂದ ನೋವು ಅಂತ ಕೇಳಿದರೆ ಮೂರು ವಾರವಂತೆ. ಆ ಮೂರು ವಾರದಲ್ಲಿ ಅವಳು ನಾಲ್ಕು ಸ್ಟೇಜ್ ಹತ್ತಿದ್ದಾಳೆ.

"ಯಾಕೆ ಹೇಳಲಿಲ್ಲ?"

"ನೀವೂ ಜ್ವರ ಇಟ್ಕೊಂಡೇ ರಂಗಪ್ರವೇಶ ಮಾಡಿದ್ರಲ್ಲ ಮಿಸ್."

ಹೌದು, ನಾನೇ ಹೇಳಿದ್ದೆ. 102 ಡಿಗ್ರಿ ಜ್ವರ, ವರ್ಣ ಅನ್ನುವ ಮುಕ್ಕಾಲು ಗಂಟೆಯ ಉದ್ದದ ನೃತ್ಯ, ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಈ ಕಥೆಯನ್ನು ಎಷ್ಟು ಬ್ಯಾಚಿಗೆ, ಎಷ್ಟು ಹೆಮ್ಮೆಯಿಂದ ಹೇಳಿದ್ದೇನೋ! ಡಾಕ್ಟರು ಎಕ್ಸ್‌ರೇ ನೋಡಿ, ಹಿಮ್ಮಡಿ ಮೂಳೆಯಲ್ಲಿ ಸಣ್ಣ ಬಿರುಕು ಇದೆ, ಆರು ವಾರ ಕುಣಿಯುವ ಹಾಗಿಲ್ಲ ಅಂದರು. ಹುಡುಗಿಯ ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾಟ್ಯ ಕಲಿಸುವವರಿಗೆಲ್ಲ ಇದು ಗೊತ್ತು. ಮಕ್ಕಳಿಗೆ ಎದುರಾಗಿ ನಿಂತು ತೋರಿಸುವಾಗ ನಾವು ಎಡಗೈ ಎತ್ತುತ್ತೇವೆ, ಅವರು ಬಲಗೈ ಎತ್ತುತ್ತಾರೆ. ಬಾಯಲ್ಲಿ ಏನೇ ಹೇಳುತ್ತಿರಿ, ಅವರ ಕಣ್ಣು ಇರುವುದು ನಮ್ಮ ಮೈ ಮೇಲೆ. ಹಾಗಿರುವಾಗ ನಾನು ಊಟ ಬಿಟ್ಟು, ಗಂಟಲು ಕಟ್ಟಿಸಿಕೊಂಡು, ಸೊಂಟ ಹಿಡಿದುಕೊಂಡು ಕಲಿಸಿದರೆ ಅವರು ಕಲಿಯುವುದು ಅಡವು ಒಂದನ್ನೇ ಅಲ್ಲ, ಅಲ್ವಾ?

ಮಡಿಕೇರಿಯಲ್ಲಿ ನೃತ್ಯ ಶಾಲೆ ನಡೆಸುವುದು ಅಂದರೆ ಮಳೆ ಮತ್ತು ಹಬ್ಬ ಎರಡರ ಜೊತೆಗೂ ಗುದ್ದಾಟ. ಜೂನ್, ಜುಲೈಯಲ್ಲಿ ಗಾಳಿ ಮಳೆಗೆ ಮರ ಬಿದ್ದು ಕರೆಂಟ್ ಇಲ್ಲ, ಶಾಲೆಗೆ ರಜೆ, ಮಕ್ಕಳು ಬರುವುದೇ ಅರ್ಧ. ಮಳೆ ಸ್ವಲ್ಪ ಬಿಟ್ಟಿತೋ ಇಲ್ಲವೋ, ಆಗಸ್ಟ್ 15, ಕೈಲ್‌ಪೊಳ್ದ್, ಗಣೇಶ, ದಸರಾ, ಕಾವೇರಿ ಸಂಕ್ರಮಣ, ರಾಜ್ಯೋತ್ಸವ, ಪುತ್ತರಿ ಅಂತ ಸಾಲು ಹಚ್ಚಿ ಬರುತ್ತವೆ. ಆಮೇಲೆ ಸ್ಕೂಲ್ ಡೇಗಳು. ಪ್ರತಿಯೊಂದಕ್ಕೂ "ನಿಮ್ಮ ಮಕ್ಕಳದ್ದೊಂದು ಡ್ಯಾನ್ಸ್ ಇರಲಿ" ಅಂತ ಫೋನ್. ಸಂಭಾವನೆ ಕೇಳಬೇಡಿ, ಒಂದು ನೆನಪಿನ ಕಾಣಿಕೆ, ಒಂದು ಶಾಲು. ನನ್ನ ಮನೆಯಲ್ಲಿರುವ ಶಾಲುಗಳಲ್ಲಿ ಒಂದು ಟೆಂಟ್ ಹೊಲಿಯಬಹುದು. ಬೇಡ ಅಂದರೆ ಹೆಸರು ಹಿಂದೆ ಬಿದ್ದೀತು ಅನ್ನುವ ಭಯಕ್ಕೆ ಎಲ್ಲದಕ್ಕೂ ಹೂಂ ಅನ್ನುತ್ತಿದ್ದೆ.

ಬಿಟ್ಟರೆ ಏನೂ ಆಗುವುದಿಲ್ಲ ಅಂತ ನನಗೆ ಎಂದೋ ಗೊತ್ತಾಗಬೇಕಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಎರಡು ತಿಂಗಳು ಕ್ಲಾಸೇ ಇರಲಿಲ್ಲ. ಮಕ್ಕಂದೂರು ಕಡೆಯ ಮಕ್ಕಳು ಮನೆ ಬಿಟ್ಟು ನೆಂಟರ ಮನೆಯಲ್ಲಿದ್ದರು. ಗೆಜ್ಜೆ ಎಲ್ಲಿ, ಸೀರೆ ಎಲ್ಲಿ ಅಂತ ಯಾರಿಗೆ ಬೇಕಿತ್ತು? ವಾಪಸ್ ಬಂದ ದಿನ ತಟ್ಟಡವು, ಅಂದರೆ ಪಾದ ತಟ್ಟುವ ಅಡವು, ಹಾಕಿಸಿದೆ. ಮೂರನೇ ಕಾಲದಲ್ಲಿ, ಅಂದರೆ ಮೂರನೇ ವೇಗದಲ್ಲಿ, ಎಡವಿದರು. ಒಂದೇ ವಾರ, ಎಲ್ಲ ಸರಿಹೋಯಿತು. ಎರಡು ತಿಂಗಳು ತಡೆದುಕೊಂಡ ಕಾಲು ವಾರಕ್ಕೊಂದು ರಜೆಗೆ ಮರೆತುಬಿಡುತ್ತದೆಯೇ?

ಈಗ ಸೋಮವಾರ ಬಾಗಿಲು ಹಾಕಿರುತ್ತೇನೆ. ಜುಲೈ ಪೂರ್ತಿ ರಜೆ. ಇಡೀ ದಸರಾಕ್ಕೆ ಒಂದೇ ಸ್ಟೇಜ್. ರಾತ್ರಿ ಎಂಟರ ಮೇಲೆ ವಾಟ್ಸಾಪ್ ನೋಡುವುದಿಲ್ಲ. ಇಷ್ಟು ಮಾಡಿದ್ದಕ್ಕೆ ಒಂಬತ್ತು ಮಕ್ಕಳು ಬಿಟ್ಟು ಹೋದರು, ಅದನ್ನೂ ಹೇಳಿಬಿಡುತ್ತೇನೆ. ಬಾಡಿಗೆ ಕಟ್ಟುವಾಗ ಕೈ ನಡುಗಿದ್ದು ಸುಳ್ಳಲ್ಲ.

ಬಸ್ಸಿನದೂ ಒಂದು ಕಥೆ. ಮೂರ್ನಾಡು, ನಾಪೋಕ್ಲು ಕಡೆಯ ಮಕ್ಕಳಿಗೆ ಸಂಜೆಯ ಬಸ್ಸೇ ಗಡಿಯಾರ. ಜತಿ (ಸೊಲ್ಲುಕಟ್ಟಿಗೆ ಹಾಕುವ ಹೆಜ್ಜೆಗಳ ಸರಣಿ) ಚೆನ್ನಾಗಿ ಕೂರುತ್ತಿದ್ದರೆ "ಇನ್ನೊಂದೇ ಸಲ" ಅನ್ನುವುದು ನನ್ನ ಚಟ. ಆ ಇನ್ನೊಂದು ಸಲಕ್ಕೆ ಲೈನ್ ಮನೆಯ (ತೋಟದ ಕೆಲಸಗಾರರ ಸಾಲು ಮನೆ) ಹುಡುಗಿಯೊಬ್ಬಳು ಬಸ್ ತಪ್ಪಿಸಿಕೊಂಡು, ಮಂಜಿನಲ್ಲಿ ಬಸ್ ಸ್ಟ್ಯಾಂಡ್‌ನಲ್ಲಿ ಒಂದು ಗಂಟೆ ನಿಂತಿದ್ದಳಂತೆ. ಕಾರಿನಲ್ಲಿ ಬರುವ ಮಕ್ಕಳಿಗೆ ಆ ತೊಂದರೆ ಇಲ್ಲವಲ್ಲ, ಹಾಗಾಗಿ ನನ್ನ ತಲೆಗೆ ಬಂದೇ ಇರಲಿಲ್ಲ. ಈಗ ಐದೂ ಕಾಲಿಗೆ ಜತಿಯ ಮಧ್ಯದಲ್ಲಿದ್ದರೂ ನಮಸ್ಕಾರ, ಕ್ಲಾಸು ಮುಗಿಯಿತು. ಮಕ್ಕಳೇ "ಮಿಸ್, ಟೈಮ್" ಅನ್ನುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು.

ಮುಂದಿನ ಸಾಲಿನ ಜಗಳ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಯಾರ ಮಗಳು ಮಧ್ಯೆ, ಯಾರ ಮಗಳು ಮೂಲೆಯಲ್ಲಿ ಅನ್ನುವುದಕ್ಕೆ ಅಮ್ಮಂದಿರು ಮಾತು ಬಿಟ್ಟದ್ದಿದೆ. ಕಾಫಿ ತೋಟದ ಯಜಮಾನರ ಮಗಳನ್ನು ಸುಮ್ನೆ ಮುಂದೆ ನಿಲ್ಲಿಸಿದ ಪಾಪ ನನ್ನದೂ ಇದೆ. ನಾನು ಕೊಡವಳಲ್ಲ. ಪಕ್ಕದ ಮನೆಯ ಅಕ್ಕ ಒಂದು ಸಲ ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನ ಅಭ್ಯಾಸಕ್ಕೆ ಕರೆದುಕೊಂಡು ಹೋದರು. ಕೈಯಲ್ಲಿ ತಾಳ ಹಿಡಿದು ಹೆಂಗಸರು ಸುತ್ತಾಗಿ ಕುಣಿಯುತ್ತಿದ್ದರು. ಅರುವತ್ತರ ಅಜ್ಜಿಯ ಪಕ್ಕ ಹತ್ತರ ಮೊಮ್ಮಗಳು. ನನ್ನ ಕಣ್ಣು ಅಭ್ಯಾಸಬಲದಿಂದ ಮುಂದಿನ ಸಾಲು ಹುಡುಕಿತು. ಸುತ್ತು ತಿರುಗುತ್ತಲೇ ಇತ್ತು, ಈಗ ಅಜ್ಜಿ ಎದುರಿಗೆ, ಈಗ ಮೊಮ್ಮಗಳು. ಭರತನಾಟ್ಯವನ್ನು ಹಾಗೆ ಮಾಡಲಾಗುವುದಿಲ್ಲ, ನಮ್ಮದು ಎದುರಿಗೆ ಕೂತವರಿಗೆ ಕಟ್ಟಿದ್ದು. ಆದರೆ ಕ್ಲಾಸಿನಲ್ಲಿ ಮಾಡಬಹುದಲ್ಲ. ಈಗ ಹತ್ತು ನಿಮಿಷಕ್ಕೊಮ್ಮೆ ಸಾಲು ಬದಲು. ಹಿಂದೆ ಅಡಗಿಕೊಳ್ಳುತ್ತಿದ್ದವಳ ಅರೆಮಂಡಿ (ಮಂಡಿ ಬಗ್ಗಿಸಿ ನಿಲ್ಲುವ ಭಂಗಿ) ಎಷ್ಟು ಚಂದ ಅಂತ ಆಗಲೇ ನನಗೂ ಕಂಡಿದ್ದು.

ಇನ್ನು ದಪ್ಪ, ಕಪ್ಪು ಅನ್ನುವ ಮಾತು ನನ್ನ ಹಾಲ್‌ನಲ್ಲಿ ಯಾರ ಬಾಯಲ್ಲೂ ಬರಬಾರದು, ಕಾಸ್ಟ್ಯೂಮ್ ಹೊಲಿಯುವವರ ಬಾಯಲ್ಲೂ. ಟೈಲ್ಸ್ ಮೇಲೆ ಹಲಗೆ ಹಾಕಿಸಬೇಕು, ದುಡ್ಡು ಸೇರಿಲ್ಲ. ನಮ್ಮ ಮಳೆಗೆ ಹಲಗೆ ಉಬ್ಬದೇ ಇರುತ್ತದೆಯೇ ಅನ್ನುವುದು ಬೇರೆ ತಲೆನೋವು. ಅಲ್ಲಿವರೆಗೆ ಜೋರು ತಟ್ಟುವ ಅಡವು ವಾರಕ್ಕೆ ಎರಡೇ ದಿನ. ಫೀಸು, ಕಾಫಿ ಬೆಳೆಯ ದುಡ್ಡು ಬಂದ ಮೇಲೆ ಕೊಟ್ಟರೂ ನಡೆಯುತ್ತದೆ.

"ನಾಟ್ಯ ಅಂದ್ರೆ ತಪಸ್ಸು, ನೀವು ಪಾರ್ಟ್ ಟೈಮ್ ಕೆಲಸದ ಹಾಗೆ ಮಾಡ್ತಿದ್ದೀರಿ" ಅಂತ ನನಗಿಂತ ಹಿರಿಯರೊಬ್ಬರು ಹೇಳಿದರು. ಎದುರಿಗೆ ಸುಮ್ಮನಿದ್ದೆ. ಇಲ್ಲಿ ಹೇಳುತ್ತೇನೆ. ತಪಸ್ಸು ಮಾಡುವವರು ತಮ್ಮ ಮೈಯಲ್ಲಿ ಮಾಡಬೇಕು. ಎಂಟು ವರ್ಷದ ಮಗುವಿನ ಮೊಣಕಾಲಿನಲ್ಲಿ ಅಲ್ಲ.

ಹಿಮ್ಮಡಿ ನೋವಿನ ಆ ಹುಡುಗಿ ಈಗ ಭರತನಾಟ್ಯದ ಸೀನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಮೊನ್ನೆ ಕ್ಲಾಸಿನ ಮಧ್ಯೆ ಕೈ ಎತ್ತಿ, "ಮಿಸ್, ಇವತ್ತು ಮೀನಖಂಡ ಎಳೀತಿದೆ, ಕೂತ್ಕೊಂಡು ತಾಳ ಹಾಕ್ಲಾ?" ಎಂದಳು. ಅವಳ ಹಿಂದೆಯೇ ಇನ್ನಿಬ್ಬರು ಕೂತರು. ಅದರಲ್ಲಿ ಒಬ್ಬಳಿಗೆ ಏನೂ ಆಗಿರಲಿಲ್ಲ, ಬರೀ ಸೋಮಾರಿತನ. ಗೊತ್ತಿದ್ದೂ ಬಿಟ್ಟೆ.

ಇದನ್ನು ಬರೆಯುತ್ತಿರುವುದು ಸೋಮವಾರ. ಹೊರಗೆ ಮಂಜು, ಒಲೆ ಮೇಲೆ ಕಾಫಿ. ಫೋನು ಎರಡು ಸಲ ಹೊಡೆದುಕೊಂಡಿತು. ಯಾರೋ ದಸರಾ ಕಾರ್ಯಕ್ರಮಕ್ಕೆ ಕೇಳಲು ಮಾಡಿರಬೇಕು. ನಾಳೆ ಮಾತಾಡಿದರಾಯಿತು.