ಹೆಸರು ಕೊಡಾಕ

ಅಣ್ಣನ ಮಗಳು ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದಿದ್ದಳು. ಅವಳ ಬ್ಯಾಗಿಗೆ ಹಳದಿ ಬಣ್ಣದ ಪುಟ್ಟ ಡಬ್ಬಿಯೊಂದು ಜೋತಾಡುತ್ತಿತ್ತು. ಕೀಚೈನ್ ಇರಬೇಕು ಅಂದುಕೊಂಡೆ.

"ಕ್ಯಾಮೆರಾ ಕಾಕಾ, ಕೊಡಾಕ್!"

ಕೊಡಾಕ್ ಅಂದರೆ ಸಾಕು, ನನಗೆ ಫಿಲಂ ರೋಲ್ ನೆನಪಾಗುತ್ತದೆ. 36 ಫೋಟೋ, ಲೆಕ್ಕ ಹಾಕಿ ತೆಗೆಯಬೇಕು. ಮದುವೆ ಮುಗಿದ ಮೇಲೂ ಎರಡು ಉಳಿದರೆ ಹಿತ್ತಲಿನ ಕರುವನ್ನು ನಿಲ್ಲಿಸಿ ರೋಲ್ ಮುಗಿಸುತ್ತಿದ್ದೆವು. ನಮ್ಮ ಆಲ್ಬಮ್‌ನಲ್ಲಿ ಬೀಗರಿಗಿಂತ ಕರುಗಳೇ ಜಾಸ್ತಿ.

ಡಬ್ಬಿಯನ್ನು ಅಂಗೈಲಿ ಇಟ್ಟುಕೊಂಡೆ. 30 ಗ್ರಾಂ. ಹೆಸರು ಚಾರ್ಮೆರಾ. ಮಾಡಿದವರು ರೆಟೋ ಅನ್ನುವ ಬೇರೆ ಕಂಪನಿಯವರು. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿ, ತಾನು ಡಿಜಿಟಲ್ ಕ್ಯಾಮೆರಾ ಮಾಡುವುದನ್ನೇ ಬಿಟ್ಟಿತು. ಆಮೇಲೆ ತನ್ನ ಹೆಸರು ಹಾಕಿಕೊಳ್ಳಲು ಬೇರೆಯವರಿಗೆ ಲೈಸೆನ್ಸ್ ಕೊಡುತ್ತ ಬಂದಿದೆ. ಕೊಡಾಕ್ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥವೇ ಇಲ್ಲ. ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್‌ಗೆ ಕೆ ಅಕ್ಷರ ಇಷ್ಟ ಅಂತ ಸುಮ್ನೆ ಕಟ್ಟಿದ್ದು, 1888ರ ಸುಮಾರಿಗೆ. ಅರ್ಥ ಇರುವುದು ನಮ್ಮ ಕಡೆ ಮಾತ್ರ. ಹೆಸರು ಕೊಡಾಕ ಕುಂತಾರ, ತಗೊಳ್ಳಾಕ ನೀವು ಬರ್ರಿ!

ಹೀಗೆ ಎರವಲು ಹೆಸರಿನಿಂದ ಮಾಲು ಹೋಗುತ್ತದಾ? ನಮ್ಮ ಬ್ಯಾಡಗಿಯನ್ನೇ ನೋಡಿ. ಅಲ್ಲಿನ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಮೆಣಸಿನಕಾಯಿ ಬರುತ್ತದೆ. ಅಂಗಡಿಯವನು "ಬ್ಯಾಡಗೀದು ರೀ" ಅಂದ ಕೂಡಲೇ ನಾನು ಚೀಲ ಬಿಚ್ಚುತ್ತೇನೆ. ನನ್ನ ಹೆಂಡತಿ ಹಾಗಲ್ಲ. ಒಂದು ಕಾಯಿ ಎತ್ತಿ ಸುಕ್ಕು ನೋಡುತ್ತಾಳೆ, ಮುರಿದು ಮೂಸುತ್ತಾಳೆ, ಬೀಜ ಕೊಡವುತ್ತಾಳೆ. ಬಣ್ಣ ಬಿಡುವುದು ಖಾತ್ರಿಯಾದರೆ ಯಾವ ಹೊಲದ್ದು ಅಂತ ಕೇಳುವುದಿಲ್ಲ. ಕ್ಯಾಮೆರಾ ಲೋಕದಲ್ಲೂ ಫೋಕ್ಟ್‌ಲೆಂಡರ್ ಅಂತ ಒಂದು ಹಳೆಯ ಹೆಸರಿದೆ, 1756ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ್ದು. 1999ರಿಂದ ಆ ಹೆಸರಲ್ಲಿ ಲೆನ್ಸ್ ಮಾಡುತ್ತಿರುವುದು ಜಪಾನಿನ ಕೊಸಿನಾ ಕಂಪನಿ. ಗಾಜು ಚೆನ್ನಾಗಿದೆ, ಹಾಗಾಗಿ ತಕರಾರಿಲ್ಲ. ಕಾಯಿ ಮುರಿದು ನೋಡುವ ಗಿರಾಕಿಗಳೇ ಅದನ್ನು ಕೊಳ್ಳುತ್ತಾರೆ.

ಅಂದರೆ ಹೆಸರಿಗೆ ಬೀಳುವವರು ನನ್ನಂಥವರು ಅಂತಾಯಿತು. ಆದರೆ ಈ ಹುಡುಗಿಗೆ ರೋಲೂ ಗೊತ್ತಿಲ್ಲ, ಕರುವೂ ಗೊತ್ತಿಲ್ಲ.

"ಕೊಡಾಕ್ ಅಂದ್ರ ಏನಂತ ಗೊತ್ತೈತೇನವಾ?"

"ಟೀ ಶರ್ಟ್ ಮೇಲೆ ಇರತೈತಲ್ಲ ಕಾಕಾ, ಅದು."

ಕೊಂಡ ಪೊಟ್ಟಣ ಒಡೆಯುವ ತನಕ ಒಳಗೆ ಯಾವ ಬಣ್ಣದ ಕ್ಯಾಮೆರಾ ಇದೆ ಅಂತ ಗೊತ್ತಾಗುವುದಿಲ್ಲವಂತೆ. ಅವಳಿಗೆ ಹಳದಿ ಸಿಕ್ಕಿತು, ಅದೇ ಖುಷಿ. ಈಸ್ಟ್‌ಮನ್ ಯಾರಾದರೇನು!

ಸಂಜೆ ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತಿದ್ದೆ. ಅವಳು ನನ್ನ ಮುಖಕ್ಕೆ ಕ್ಯಾಮೆರಾ ಹಿಡಿದು ಚಕಚಕ ಒತ್ತತೊಡಗಿದಳು. ಒಂದೂವರೆ ಮೆಗಾಪಿಕ್ಸೆಲ್ ಚಿಲ್ಲರೆಯ ಫೋಟೋ, ಮಿರ್ಚಿ ಯಾವುದು, ಮೂಗು ಯಾವುದು ಅಂತ ಹುಡುಕಬೇಕು. "ಹಂಗ ಇದ್ರನ ಚಂದ" ಅಂದಳು. ಮತ್ತೆ ಒತ್ತಿದಳು.

"ಸುಮ್ನ ಒತ್ತಬ್ಯಾಡವಾ," ಅಂದೆ, "ರೋಲ್ ಖಾಲಿ ಆಗ್ತೈತಿ."