ಗೆಲ್ಲಿಸೋದು ಸುಲಭ, ಸೋಲಿಸೋದೇ ಕಷ್ಟ

ರೆಸ್ಲಿಂಗ್ ನೋಡುತ್ತೇನೆ ಅಂದ ಕೂಡಲೇ ಒಂದು ಮಾತು ಬಂದೇ ಬರುತ್ತದೆ. "ಅದೆಲ್ಲ ಸುಳ್ಳು, ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ." ಗೊತ್ತು ಸ್ವಾಮಿ. ಇದು ನಿಜವಾದ ಸ್ಪರ್ಧೆಯಲ್ಲ, ಮನರಂಜನೆ ಅಂತ ವಿನ್ಸ್ ಮೆಕ್‌ಮಹನ್ ಕಂಪನಿಯವರೇ (ಈಗಿನ ಡಬ್ಲ್ಯುಡಬ್ಲ್ಯುಇ) 1989ರಲ್ಲಿ ನ್ಯೂಜೆರ್ಸಿ ಸೆನೆಟ್ ಮುಂದೆ ಒಪ್ಪಿಕೊಂಡಾಗಿದೆ. ಕ್ರೀಡೆಗಳ ಮೇಲಿದ್ದ ಸರ್ಕಾರಿ ನಿಯಮಗಳಿಂದ ತಪ್ಪಿಸಿಕೊಳ್ಳೋಕೆ ಅವರಿಗೆ ಅದು ಬೇಕಾಗಿತ್ತು. ಅಂದರೆ ಈ ಗುಟ್ಟು ಬಯಲಾಗಿ ಎಷ್ಟೋ ಕಾಲ ಆಯಿತು. ಇನ್ನೂ ಅದನ್ನೇ ಹೇಳುವವರಿಗೆ ನಾನು ಉತ್ತರ ಕೊಡೋದಿಲ್ಲ.

ನನ್ನ ತಕರಾರು ಅಭಿಮಾನಿಗಳ ಜೊತೆಗೇ. ಯಾರು ಎಷ್ಟು ಸಲ ಚಾಂಪಿಯನ್, ಯಾರ ಬಳಿ ಎಷ್ಟು ಬೆಲ್ಟ್, ಯಾರನ್ನು ಯಾರು ಸೋಲಿಸಿದರು, ಬರೀ ಇದೇ ಜಗಳ. ಫಲಿತಾಂಶ ಮೊದಲೇ ಬರೆದಿರುವಾಗ ಗೆದ್ದವನ ಲೆಕ್ಕ ಇಟ್ಟು ಏನು ಪ್ರಯೋಜನ? ಗೆಲ್ಲು ಅಂದರೆ ಯಾರು ಬೇಕಾದರೂ ಗೆಲ್ಲುತ್ತಾರೆ. ನಿಜವಾದ ಕೆಲಸ ಸೋಲುವವನದು. ಏಟು ಬಿದ್ದಿದೆ ಅಂತ ನಾವು ನಂಬೋದು ಹೊಡೆದವನನ್ನು ನೋಡಿ ಅಲ್ಲ, ಬಿದ್ದವನನ್ನು ನೋಡಿ. ಹಾಗಾಗಿ ನನ್ನ ಪಟ್ಟಿಯಲ್ಲಿ ದೊಡ್ಡ ರೆಸ್ಲರ್ ಅಂದರೆ ಚೆನ್ನಾಗಿ ಸೋಲೋಕೆ ಬರುವವನು.

ರೆಸಲ್‌ಮೇನಿಯಾ ಅಂದರೆ ಈ ಕಂಪನಿ ವರ್ಷಕ್ಕೊಮ್ಮೆ ನಡೆಸುವ ಅತಿ ದೊಡ್ಡ ಶೋ. 1987ರ ರೆಸಲ್‌ಮೇನಿಯಾ 3 ತೆಗೆದುಕೊಳ್ಳಿ. ಹಲ್ಕ್ ಹೋಗನ್ ಆಂಡ್ರೆ ದಿ ಜೈಂಟ್‌ನನ್ನು ಎತ್ತಿ ಒಗೆದಿದ್ದನ್ನು ಇವತ್ತಿಗೂ ತೋರಿಸುತ್ತಾರೆ. ಎಲ್ಲರೂ ಹೋಗನ್ ಶಕ್ತಿಯನ್ನೇ ಹೊಗಳುತ್ತಾರೆ. ಆಂಡ್ರೆಗೆ ಆಗ ಬೆನ್ನಿನ ಆಪರೇಷನ್ ಆಗಿತ್ತು, ನಿಲ್ಲೋದೇ ಕಷ್ಟ ಅನ್ನುವ ಸ್ಥಿತಿ. ಅವನು ಬೇಡ ಅಂದುಕೊಂಡಿದ್ದರೆ ಅವನನ್ನು ನೆಲದಿಂದ ಒಂದು ಇಂಚು ಎತ್ತುವ ಗಂಡು ಯಾರೂ ಇರಲಿಲ್ಲ. ಹೋಗನ್ ದೊಡ್ಡವನಾಗಿದ್ದು ಆಂಡ್ರೆ ಬಿದ್ದಿದ್ದರಿಂದ.

ಅದಕ್ಕಿಂತ ದೊಡ್ಡ ಉದಾಹರಣೆ 1997ರ ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್ ನಡುವಿನ ಸಬ್‌ಮಿಷನ್ ಮ್ಯಾಚ್. ಪಿನ್ ಇಲ್ಲ, ಅಂದರೆ ಎದುರಾಳಿಯ ಭುಜ ನೆಲಕ್ಕೆ ಒತ್ತಿ ಮೂರು ಎಣಿಸಿ ಗೆಲ್ಲೋ ಹಾಗಿಲ್ಲ, ಒಬ್ಬರು ಸೋಲೊಪ್ಪಿಕೊಳ್ಳಲೇಬೇಕು. ಬ್ರೆಟ್ ನಾಯಕ, ಆಸ್ಟಿನ್ ಖಳ. ಕೊನೆಗೆ ಆಸ್ಟಿನ್ ಶಾರ್ಪ್‌ಶೂಟರ್ ಅನ್ನುವ ಕಾಲು ತಿರುಚುವ ಹಿಡಿತದಲ್ಲಿ ಸಿಕ್ಕಿಬಿದ್ದಿದ್ದಾನೆ, ಹಣೆಯಿಂದ ರಕ್ತ ಇಳಿದು ಹಲ್ಲಿನ ಮೇಲೆಲ್ಲ ಹರಿಯುತ್ತಿದೆ, ಎರಡೂ ಕೈ ಊರಿ ಮೇಲೇಳೋಕೆ ನೋಡುತ್ತಾನೆ, ಒಂದು ಸಲ ಹಿಡಿತ ಸಡಿಲ ಆಗುತ್ತದೆ, ಮತ್ತೆ ಬ್ರೆಟ್ ಬಿಗಿ ಮಾಡುತ್ತಾನೆ. ಆಸ್ಟಿನ್ ಬಾಯಲ್ಲಿ ಸೋತೆ ಅನ್ನುವ ಮಾತು ಬರೋದೇ ಇಲ್ಲ. ಹಾಗೇ ಪ್ರಜ್ಞೆ ತಪ್ಪುತ್ತಾನೆ. ರೆಫರಿಯಾಗಿದ್ದ ಕೆನ್ ಶ್ಯಾಮ್ರಾಕ್ ಮ್ಯಾಚ್ ನಿಲ್ಲಿಸುತ್ತಾನೆ. ಬ್ರೆಟ್ ಗೆದ್ದ ಮೇಲೂ ಬಿಡದೆ ಬಿದ್ದವನಿಗೆ ಹೊಡೆಯುತ್ತಾನೆ. ಆಸ್ಟಿನ್ ಯಾರ ಸಹಾಯವನ್ನೂ ತೆಗೆದುಕೊಳ್ಳದೆ ಕುಂಟುತ್ತಾ ಒಬ್ಬನೇ ಹೊರಗೆ ಹೋಗುತ್ತಾನೆ. ಅಷ್ಟರಲ್ಲಿ ಇಡೀ ಸ್ಟೇಡಿಯಂ ಅವನ ಹೆಸರು ಕೂಗುತ್ತಿದೆ. ಒಂದೇ ಮ್ಯಾಚಿನಲ್ಲಿ ನಾಯಕ ಖಳನಾದ, ಖಳ ನಾಯಕನಾದ. ಯಾರೂ ಮೈಕ್ ಹಿಡಿದು ವಿವರಿಸಲಿಲ್ಲ. ಆ ರಾತ್ರಿ ಸೋತವನೇ ಮುಂದಿನ ಕೆಲವು ವರ್ಷ ಇಡೀ ಕಂಪನಿಯನ್ನು ಹೊತ್ತು ನಡೆಸಿದ.

ಈಗಿನವರಲ್ಲಿ ನನಗೆ ತಲೆ ಕೆಡೋದು ಇಲ್ಲೇ. ಹತ್ತು ನಿಮಿಷ ಒಬ್ಬ ಇನ್ನೊಬ್ಬನ ಮಂಡಿಯನ್ನೇ ಗುರಿ ಇಟ್ಟು ಒದೆಯುತ್ತಾನೆ, ತಿರುಚುತ್ತಾನೆ, ರಿಂಗ್ ಕಂಬಕ್ಕೆ ಬಡಿಯುತ್ತಾನೆ. ಪೆಟ್ಟು ತಿಂದವನು ಅಳುಮುಖ ಮಾಡಿ ಕಾಲು ಹಿಡಿದುಕೊಳ್ಳುತ್ತಾನೆ. ಚೆನ್ನಾಗಿದೆ, ಅಂದುಕೊಳ್ಳುತ್ತೇವೆ. ಎರಡು ನಿಮಿಷ ಬಿಟ್ಟು ಅದೇ ಕಾಲಲ್ಲಿ ಓಡಿಬಂದು ಹಗ್ಗದ ಮೇಲೆ ಹತ್ತಿ ಪಲ್ಟಿ ಹೊಡೆಯುತ್ತಾನೆ! ಹಾಗಾದರೆ ಆ ಹತ್ತು ನಿಮಿಷ ನಾವು ನೋಡಿದ್ದೇನು? ಹಾರಬೇಡ ಅಂತ ಹೇಳುತ್ತಿಲ್ಲ. ಹಾರು, ಇಳಿದಾಗ ಒಂದು ಸಲ ಮಂಡಿ ಹಿಡಿದುಕೋ, ಆ ನೋವಿನಿಂದ ಪಿನ್ ಮಾಡೋಕೆ ಅರ್ಧ ಸೆಕೆಂಡ್ ತಡವಾಗಲಿ. ಅಷ್ಟು ಮಾಡಿದರೆ ಕಥೆ ಉಳಿಯುತ್ತದೆ.

ಹೀಗೆ ಏಟು ನಿಜವಾಗಿ ಬಿದ್ದ ಹಾಗೆ ನಂಬಿಸೋದಕ್ಕೆ ಸೆಲ್ ಮಾಡೋದು ಅನ್ನುತ್ತಾರೆ. ಸೆಲ್ ಮಾಡೋದು ಅಂದರೆ ಜಾಸ್ತಿ ಮಾಡೋದೂ ಅಲ್ಲ. 2005ರ ಸಮ್ಮರ್‌ಸ್ಲಾಮ್ ಅನ್ನುವ ಇನ್ನೊಂದು ದೊಡ್ಡ ಶೋನಲ್ಲಿ ಶಾನ್ ಮೈಕಲ್ಸ್ ಹೋಗನ್‌ನ ಒಂದೊಂದು ಏಟಿಗೂ ರಬ್ಬರ್ ಚೆಂಡಿನ ಥರ ಪುಟಿದು ಬಿದ್ದಿದ್ದು ನೆನಪಿರಬಹುದು. ನೋಡೋಕೆ ಭಾರಿ ಮಜಾ, ನಾನು ಈಗಲೂ ಆಗಾಗ ಹಾಕಿ ನೋಡುತ್ತೇನೆ. ಆದರೆ ಅದು ಎದುರಾಳಿಯನ್ನು ಅಣಕಿಸೋಕೆ ಮಾಡಿದ್ದು ಅನ್ನೋದು ಎಂಥವರಿಗೂ ಗೊತ್ತಾಗುತ್ತದೆ. ಅದೇ ಮೈಕಲ್ಸ್ ಮನಸ್ಸು ಮಾಡಿದರೆ ಅವನಷ್ಟು ಚೆನ್ನಾಗಿ ಸೋಲುವವರು ಯಾರೂ ಇಲ್ಲ ಬಿಡಿ. ಇನ್ನು ಡಾಲ್ಫ್ ಜಿಗ್ಲರ್ ಕಥೆ ಬೇರೆ. ಪಾಪ, ಎಷ್ಟು ಚೆನ್ನಾಗಿ ಬೀಳುತ್ತಿದ್ದ ಅಂದರೆ ಎಲ್ಲರೂ ತಮ್ಮ ಹುಡುಗರನ್ನು ದೊಡ್ಡವರು ಮಾಡೋಕೆ ಅವನನ್ನೇ ಬೀಳಿಸಿದರು.

ಫಿನಿಷರ್‌ಗಳ, ಅಂದರೆ ಮ್ಯಾಚ್ ಮುಗಿಸೋಕೆ ಒಬ್ಬೊಬ್ಬ ರೆಸ್ಲರ್ ಇಟ್ಟುಕೊಂಡಿರುವ ವಿಶೇಷ ಪಟ್ಟುಗಳ ಗತಿಯೂ ಹಾಳಾಗಿದೆ. ಮೊದಲೆಲ್ಲ ಫಿನಿಷರ್ ಬಿತ್ತು ಅಂದರೆ ಮ್ಯಾಚ್ ಮುಗಿಯಿತು ಅಂತಲೇ ಲೆಕ್ಕ. ಅಪರೂಪಕ್ಕೆ ಯಾರಾದರೂ ಎರಡೂವರೆ ಎಣಿಕೆಗೆ ಭುಜ ಎತ್ತಿದರೆ ಮೈ ಜುಮ್ ಅನ್ನುತ್ತಿತ್ತು. ಈಗ ದೊಡ್ಡ ಮ್ಯಾಚ್ ಅಂದರೆ ಒಬ್ಬೊಬ್ಬರಿಗೆ ಮೂರು ನಾಲ್ಕು ಫಿನಿಷರ್ ಬೀಳಲೇಬೇಕು. ಮೊದಲನೆಯದಕ್ಕೆ ಯಾರೂ ಉಸಿರು ಬಿಗಿ ಹಿಡಿಯೋದಿಲ್ಲ, ಏಳುತ್ತಾನೆ ಅಂತ ಗೊತ್ತು. ಜನ ಎದ್ದು ನಿಂತು ಭೇಷ್ ಅಂತ ಕೂಗುತ್ತಾರೆ ನಿಜ, ಆದರೆ ಅವರು ಕೂಗುತ್ತಿರೋದು ಇಬ್ಬರು ಕಲಾವಿದರ ಶ್ರಮಕ್ಕೆ. ನಾಯಕ ಗೆಲ್ಲಲಿ, ಆ ದರಿದ್ರದವನು ಸೋಲಲಿ ಅಂತ ಕೂಗೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಲ್ವಾ?

ದರಿದ್ರದವನು ಅಂದೆ. ಒಳ್ಳೆ ಖಳ ಸಿಗದಿದ್ದರೆ ಈ ಇಡೀ ಆಟವೇ ಸಪ್ಪೆ. ಈಗ ಖಳರಿಗೂ ಟೀ ಶರ್ಟ್ ಮಾರಬೇಕು, ಚಪ್ಪಾಳೆ ಬೇಕು, ಹಾಗಾಗಿ ಎಲ್ಲರೂ ಸ್ಟೈಲ್ ಮಾಡುವ ಖಳರು. 2015ರ ಸಾಶಾ ಬ್ಯಾಂಕ್ಸ್ ಹಾಗಿರಲಿಲ್ಲ. ಆಗಸ್ಟ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಬೇಲಿ (Bayley) ಅನ್ನುವ ರೆಸ್ಲರ್ ಜೊತೆ ಮ್ಯಾಚ್. ಬೇಲಿಯ ಕೈಗೆ ಮೊದಲೇ ಪೆಟ್ಟಾಗಿದೆ. ಸಾಶಾ ಅವಳನ್ನು ಹಿಡಿತದಲ್ಲಿ ಸಿಕ್ಕಿಸಿಕೊಂಡಿದ್ದಾಳೆ, ಬೇಲಿ ಅದೇ ಕೈ ಚಾಚಿ ಹಗ್ಗ ಮುಟ್ಟೋಕೆ ಹೋಗುತ್ತಾಳೆ, ಸಾಶಾ ಹಿಡಿತ ಬಿಡದೆ ಆ ಕೈಯನ್ನೇ ಕಾಲಲ್ಲಿ ತುಳಿಯುತ್ತಾಳೆ. ಅಕ್ಟೋಬರ್ 7ರ ಮೂವತ್ತು ನಿಮಿಷದ ಐರನ್ ಮ್ಯಾನ್ ಮ್ಯಾಚಿನಲ್ಲಂತೂ (ಸಮಯ ಮುಗಿಯೋದರೊಳಗೆ ಹೆಚ್ಚು ಸಲ ಸೋಲಿಸಿದವರೇ ಗೆದ್ದ ಹಾಗೆ) ಮುಂದಿನ ಸಾಲಿನಲ್ಲಿ ಕೂತಿದ್ದ ಬೇಲಿಯ ಪುಟ್ಟ ಅಭಿಮಾನಿಯ ತಲೆಪಟ್ಟಿ ಕಿತ್ತುಕೊಂಡು ತಾನೇ ಹಾಕಿಕೊಂಡು ಆ ಮಗುವನ್ನೇ ಅಣಕಿಸಿದಳು. ಮಗು ಅತ್ತುಬಿಟ್ಟಿತು. ಅಂಥವಳು ಕೊನೆಯ ಕೆಲವೇ ಸೆಕೆಂಡ್ ಇರುವಾಗ ಸೋಲೊಪ್ಪಿಕೊಂಡು ನೆಲ ತಟ್ಟಿದಾಗ ಆಗುವ ಖುಷಿ ಹೇಗಿರುತ್ತದೆ ಹೇಳಿ! ಎರಡೂ ಮ್ಯಾಚ್ ಸಾಶಾ ಸೋತಳು. ಎರಡೂ ಮ್ಯಾಚ್ ನಿಂತಿದ್ದು ಅವಳಿಂದ.

ಮೋಸ ಮಾಡಿದರೂ ಜನ ಪ್ರೀತಿಸಿದ್ದು ಎಡ್ಡಿ ಗೆರೆರೋ ಒಬ್ಬನನ್ನೇ ಇರಬೇಕು. ರೆಫರಿ ಕೆಳಗೆ ಬಿದ್ದಿರುವಾಗ ಎಡ್ಡಿ ಕುರ್ಚಿ ತರುತ್ತಾನೆ. ಹೊಡೆಯೋದಿಲ್ಲ. ಕುರ್ಚಿಯನ್ನು ನೆಲಕ್ಕೆ ಒಂದು ಸಲ ಬಡಿದು ಶಬ್ದ ಮಾಡಿ, ಎದುರಾಳಿಯ ಕೈಗೆ ಎಸೆದು, ತಾನು ತಲೆ ಹಿಡಿದುಕೊಂಡು ಅಂಗಾತ ಬೀಳುತ್ತಾನೆ. ರೆಫರಿ ಕಣ್ಣು ಬಿಟ್ಟರೆ ಕುರ್ಚಿ ಯಾರ ಕೈಯಲ್ಲಿದೆ? ಆ ಅಮಾಯಕ ದಡಿಯನ ಮುಖ ನೋಡಬೇಕು ಆಗ. ಎಡ್ಡಿ ಒಂದು ಕಣ್ಣು ಮಾತ್ರ ಚೂರು ತೆರೆದು ಏನಾಯಿತು ಅಂತ ನೋಡುತ್ತಾನೆ. ಬೀಳೋದರಲ್ಲೇ ಗೆಲ್ಲುವ ಮನುಷ್ಯ. 2005ರಲ್ಲಿ ಅವನು ಹೋದ ಮೇಲೆ ಆ ಟ್ರಿಕ್ ಎಷ್ಟೋ ಜನ ಮಾಡಿದ್ದಾರೆ, ಅದರಲ್ಲಿ ಆ ಕಳ್ಳನೋಟ ಇರೋದಿಲ್ಲ.

ಹಾಗಂತ ಎಲ್ಲ ಸೋಲೂ ಒಳ್ಳೆಯದು ಅಂತ ನಾನು ಹೇಳೋದಿಲ್ಲ. ನೋಡಿ ಹೊಟ್ಟೆ ಉರಿದ ಸೋಲುಗಳಿವೆ. 2003ರ ರೆಸಲ್‌ಮೇನಿಯಾ 19ರಲ್ಲಿ ಬುಕರ್ ಟಿಯದು. ನಿನ್ನಂಥವರಿಗೆ ಈ ಬೆಲ್ಟ್ ಅಲ್ಲ ಅಂತ ಟ್ರಿಪಲ್ ಎಚ್ ವಾರಗಟ್ಟಲೆ ಹೀಯಾಳಿಸಿದ. ಬುಕರ್ ಜೈಲಿಗೆ ಹೋಗಿಬಂದಿದ್ದನ್ನೂ ಎಳೆದು ತಂದರು. ಎದುರಿಗಿರುವವನು ಕಪ್ಪು ಮನುಷ್ಯ, ಆ ಮಾತಿನ ಅರ್ಥ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಥ ಕಥೆಗೆ ಇರೋದು ಒಂದೇ ಅಂತ್ಯ. ಅವರು ಏನು ಮಾಡಿದರು? ಟ್ರಿಪಲ್ ಎಚ್ ತನ್ನ ಫಿನಿಷರ್ ಪೆಡಿಗ್ರೀ ಹಾಕಿ, ಸುಸ್ತಾಗಿ ಎಷ್ಟೋ ಹೊತ್ತು ಸುಮ್ನೆ ಮಲಗಿದ್ದು, ಆಮೇಲೆ ತೆವಳಿಕೊಂಡು ಬಂದು ಕೈ ಇಟ್ಟು ಗೆದ್ದ. ಬುಕರ್ ಅಷ್ಟು ಹೊತ್ತಾದರೂ ಏಳಲಿಲ್ಲ. ಖಳ ಹೇಳಿದ್ದೇ ಸರಿ ಅಂತ ಆಯಿತು. ಈ ಮ್ಯಾಚನ್ನು ಯಾರಾದರೂ ಸಮರ್ಥಿಸಿದರೆ ನಾನು ಅವರ ಜೊತೆ ಮಾತು ಮುಂದುವರಿಸೋದಿಲ್ಲ.

ಅದೇ ಥರದ ಕಥೆಯನ್ನು ಸರಿಯಾಗಿ ಮುಗಿಸಿದ್ದು 2019ರಲ್ಲಿ, ಕೋಫಿ ಕಿಂಗ್‌ಸ್ಟನ್ ಅನ್ನುವ ಕಪ್ಪು ರೆಸ್ಲರ್‌ನನ್ನು ಗೆಲ್ಲಿಸಿ. ಅಲ್ಲೂ ನನ್ನ ಕಣ್ಣು ಸೋತವನ ಮೇಲೆ, ಡೇನಿಯಲ್ ಬ್ರಯನ್ ಮೇಲೆ. ನೀನು ಬಿ ಪ್ಲಸ್ ಮಾತ್ರ, ಮೊದಲ ದರ್ಜೆಯವನಲ್ಲ ಅನ್ನಿಸಿಕೊಂಡು, ಅದರ ವಿರುದ್ಧ ಹೋರಾಡಿ 2014ರಲ್ಲಿ ರೆಸಲ್‌ಮೇನಿಯಾ ಗೆದ್ದವನು ಅವನೇ. ಐದು ವರ್ಷ ಆದಮೇಲೆ ಖಳನಾಗಿ ಬಂದು ಕೋಫಿಗೆ ಅದೇ ಬಿ ಪ್ಲಸ್ ಮಾತು ಹೇಳುತ್ತಾನೆ. ಎಂಥಾ ನೀಚತನ! ಎಂಥಾ ಬರವಣಿಗೆ!

ಗೋಲ್ಡ್‌ಬರ್ಗ್ ವಿಷಯ ಜಾಸ್ತಿ ಬರೆಯೋದಿಲ್ಲ, ಬಿಪಿ ಏರುತ್ತದೆ. ಸೋಲೇ ಕಾಣದವನನ್ನು 1998ರ ಡಿಸೆಂಬರ್ 27ರಂದು ಕರೆಂಟ್ ಶಾಕ್ ಕೊಡಿಸಿ ಕೆವಿನ್ ನ್ಯಾಶ್ ಸೋಲಿಸಿದ. ಎಂಟು ದಿನ ಆದಮೇಲೆ ಅದೇ ನ್ಯಾಶ್ ಹೋಗನ್‌ನ ಬೆರಳು ಎದೆಗೆ ತಾಗಿದ್ದಕ್ಕೆ ಧೊಪ್ಪನೆ ಬಿದ್ದು ಬೆಲ್ಟ್ ಕೊಟ್ಟುಬಿಟ್ಟ. ಒಬ್ಬನ ಸೋಲಿನಿಂದ ಇನ್ನೊಬ್ಬ ಬೆಳೆಯಬೇಕು. ಇಲ್ಲಿ ಯಾರೂ ಬೆಳೆಯಲಿಲ್ಲ.

ಅಂಡರ್‌ಟೇಕರ್ ಬಗ್ಗೆ ಬೈಸಿಕೊಳ್ಳೋಕೆ ತಯಾರಾಗಿಯೇ ಹೇಳುತ್ತೇನೆ. ರೆಸಲ್‌ಮೇನಿಯಾದಲ್ಲಿ ಅಲ್ಲಿಯವರೆಗೆ ಒಂದು ಸಲವೂ ಸೋಲದವನು, 2014ರ ರೆಸಲ್‌ಮೇನಿಯಾ 30ರಲ್ಲಿ ಬ್ರಾಕ್ ಲೆಸ್ನರ್ ಕೈಲಿ ಸೋತಿದ್ದು ಸರಿಯೇ. ಮ್ಯಾಚ್ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಅಂಡರ್‌ಟೇಕರ್‌ಗೆ ನಡುವೆ ತಲೆಗೆ ನಿಜವಾಗಿಯೇ ಪೆಟ್ಟಾಗಿತ್ತು. ಆದರೆ ಮೂರನೇ ಎಣಿಕೆ ಬಿದ್ದು, ಪರದೆ ಮೇಲೆ 21-1 ಅಂತ ಬಂದಾಗ ಆ ಜನರ ಮುಖಗಳು! ಬಾಯಿ ತೆರೆದವರು ಮುಚ್ಚಲಿಲ್ಲ. ಎಲ್ಲ ಗೊತ್ತು, ಎಲ್ಲ ಬರೆದಿಟ್ಟಿದ್ದು ಅನ್ನುವ ಸಾವಿರಾರು ಜನರನ್ನು ಹಾಗೆ ನಂಬಿಸೋಕೆ ಇಪ್ಪತ್ತೊಂದು ಗೆಲುವು ಬೇಕಾಯಿತು. ಆ ಸೋಲನ್ನು ಹಾಳೂ ಮಾಡಲಿಲ್ಲ. ಅದೇ ವರ್ಷದ ಸಮ್ಮರ್‌ಸ್ಲಾಮ್‌ನಲ್ಲಿ ಲೆಸ್ನರ್ ಜಾನ್ ಸೀನಾನನ್ನು ಹದಿನಾರು ಸಲ ಸಪ್ಲೆಕ್ಸ್ ಹಾಕಿ ಎತ್ತಿ ಒಗೆದಾಗ, ಇವನು ಅಂಡರ್‌ಟೇಕರ್‌ನನ್ನೇ ಬೀಳಿಸಿದವನು ಅನ್ನುವ ಭಯ ಅದರ ಹಿಂದೆ ಇತ್ತು.

ರೋಮನ್ ರೇನ್ಸ್ ಮ್ಯಾಚುಗಳಲ್ಲಿ ನನಗೆ ಬೇಜಾರು ತಂದಿದ್ದು ಒಂದೇ, ಪ್ರತಿ ಸಲವೂ ಯಾರಾದರೂ ಓಡಿಬಂದು ಅವನನ್ನು ಉಳಿಸೋದು. ರೆಫರಿ ಬೀಳುತ್ತಾನೆ, ತಮ್ಮಂದಿರು ಬರುತ್ತಾರೆ, ಗೆಲ್ಲುತ್ತಾನೆ. 2023ರಲ್ಲಿ ಕೋಡಿ ರೋಡ್ಸ್ ಸೋತಿದ್ದೂ ಹಾಗೇ, ಸೋಲೋ ಸಿಕೋವಾ ಬಂದು ಕೆಡಿಸಿದ. ಮೊಬೈಲ್ ಎಸೆಯೋದೊಂದು ಬಾಕಿ ಇತ್ತು. ಆದರೆ 1316 ದಿನ ಬೆಲ್ಟ್ ಹಿಡಿದವನನ್ನು 2024ರಲ್ಲಿ ಕೊನೆಗೂ ಸೋಲಿಸಿದ ರೀತಿ ಇದೆಯಲ್ಲ, ಅದಕ್ಕೆ ಕೈ ಮುಗಿಯಬೇಕು. ರೋಮನ್ ಕೈಯಲ್ಲಿ ಕುರ್ಚಿ ಇದೆ. ಒಂದು ಕಡೆ ಕೋಡಿ. ಇನ್ನೊಂದು ಕಡೆ ಸೆತ್ ರಾಲಿನ್ಸ್, ಇಬ್ಬರೂ ಒಟ್ಟಿಗಿದ್ದ ಶೀಲ್ಡ್ ತಂಡದ ಕಾಲದ ಅದೇ ಕಪ್ಪು ಬಟ್ಟೆಯಲ್ಲಿ. 2014ರಲ್ಲಿ ರೋಮನ್ ಬೆನ್ನಿಗೆ ಕುರ್ಚಿಯಲ್ಲಿ ಹೊಡೆದು ಗೆಳೆತನ ಮುರಿದವನು ಇವನೇ. ಬುದ್ಧಿ ಇದ್ದರೆ ಕೋಡಿಗೆ ಹೊಡೆಯಬೇಕು. ರೋಮನ್ ಒಂದು ಕ್ಷಣ ನೋಡುತ್ತಾನೆ. ಹತ್ತು ವರ್ಷದ ಸಿಟ್ಟು ಗೆಲ್ಲುತ್ತದೆ, ಸೆತ್ ಬೆನ್ನಿಗೆ ಹೊಡೆಯುತ್ತಾನೆ, ಬೆಲ್ಟ್ ಹೋಗುತ್ತದೆ. ಎಲ್ಲರೂ ಕೋಡಿ ಕಥೆ ಕೊನೆಗೂ ಗೆಲುವಿನಲ್ಲಿ ಮುಗಿಯಿತು ಅಂತ ಖುಷಿಯಲ್ಲಿ ಅತ್ತರು. ನಾನು ರೋಮನ್ ಹೊಟ್ಟೆಯೊಳಗಿನ ಆ ಹಳೇ ಉರಿಯನ್ನೇ ನೋಡುತ್ತಿದ್ದೆ.

ಇನ್ನು ಸೀನಾ. 2025ರ ಮಾರ್ಚ್‌ನಲ್ಲಿ ಖಳನಾದಾಗ ಕುಣಿದಾಡಿದ್ದೆವು. ಅವನನ್ನು ಖಳನಾಗಿಸಿದ ದಿ ರಾಕ್ ರೆಸಲ್‌ಮೇನಿಯಾಗೆ ಬರಲೇ ಇಲ್ಲ, ಆಗಸ್ಟ್‌ಗೆ ಸೀನಾ ಮತ್ತೆ ಒಳ್ಳೆಯವನಾಗಿಬಿಟ್ಟ. ಇಪ್ಪತ್ತು ವರ್ಷ ಕಾದ ತಿರುವನ್ನು ಅರ್ಧ ವರ್ಷದಲ್ಲಿ ಮುಗಿಸಿದರು. ಆದರೆ ಡಿಸೆಂಬರ್ 13ರ ಅವನ ಕೊನೆಯ ಮ್ಯಾಚ್ ಬಗ್ಗೆ ಬೈಯುವವರ ಜೊತೆ ನಾನಿಲ್ಲ. ನೆವರ್ ಗಿವ್ ಅಪ್ ಅಂತ ಬಟ್ಟೆ ಮೇಲೆ ಬರೆಸಿಕೊಂಡು ತಿರುಗಿದವನು ಗುಂಥರ್‌ನ ಹಿಡಿತದಲ್ಲಿ ಒದ್ದಾಡಿ, ಎದ್ದು, ಮತ್ತೆ ಬಿದ್ದು, ಕೊನೆಗೆ ಸಣ್ಣಗೆ ನಕ್ಕು, ಸೋಲೊಪ್ಪಿಕೊಂಡು ಕೈ ತಟ್ಟಿಬಿಟ್ಟ. ಜನ ಆಗ ಕಥೆಗಳ ಉಸ್ತುವಾರಿ ಹೊತ್ತಿದ್ದ ಟ್ರಿಪಲ್ ಎಚ್‌ಗೆ ಉಗಿದರು. ಗೆಲ್ಲಿಸಿ ಕಳಿಸಿದ್ದರೆ ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಿದ್ದರು, ಗುಂಥರ್ ಕೈಗೆ ಏನೂ ಸಿಗುತ್ತಿರಲಿಲ್ಲ. ಸೀನಾ ತನ್ನ ಹತ್ತಿರ ಉಳಿದಿದ್ದ ಕೊನೆಯದನ್ನೂ ಇನ್ನೊಬ್ಬನಿಗೆ ಕೊಟ್ಟು ಹೋದ.

ಈಗ ಗುಂಥರ್ ಆ ಗೆಲುವನ್ನು ಹೊತ್ತು ತಿರುಗಬೇಕು, ಬರೆಯುವವರೂ ಅದನ್ನು ಮರೆಯಬಾರದು. ಯಾವುದೋ ಸೋಮವಾರದ ವಾರದ ಶೋನಲ್ಲಿ ಯಾರೋ ಓಡಿಬಂದು ಅವನ ಗಮನ ತಪ್ಪಿಸಿ, ಹಿಂದಿನಿಂದ ಇನ್ನೊಬ್ಬ ಸುತ್ತಿ ಪಿನ್ ಮಾಡಿದ ಅಂತ ಏನಾದರೂ ಆದರೆ, ಇಷ್ಟೇ ಉದ್ದದ ಇನ್ನೊಂದು ಪೋಸ್ಟ್ ಗ್ಯಾರಂಟಿ. ಆಗ ಇಷ್ಟು ಒಳ್ಳೆ ಮಾತಲ್ಲಿ ಬರೆಯೋದಿಲ್ಲ.