ಇದೂ ಒಂದು ಇರಲಿ

11 ವರ್ಷ ನಾನು ನನ್ನ ಅವ್ವನಿಗೆ ದಿನಾ ಒಂದು ಸುಳ್ಳು ಹೇಳಿದ್ದೇನೆ.

ಬೆಳಿಗ್ಗೆ ಏಳರ ಸುಮಾರಿಗೆ ಬೈಲಹೊಂಗಲ ಹತ್ತಿರದ ನಮ್ಮೂರಿಂದ ಅವ್ವನ ಫೋನು ಬರುತ್ತಿತ್ತು. ಮಳೆ, ಬೆಳೆ, ಮೊಮ್ಮಗನ ಕೆಮ್ಮು ಎಲ್ಲ ಆಮೇಲಿನ ಮಾತು. ಮೊದಲು ಕೇಳುತ್ತಿದ್ದದ್ದು ಒಂದೇ. "ಪೂಜಿ ಆತೇನವಾ?" ನಾನು ಡಬ್ಬಿ ಕಟ್ಟುತ್ತಲೋ, ಬಸ್ಸಿಗೆ ಓಡುತ್ತಲೋ "ಆತು ಬೇ" ಅನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ನನ್ನ ಇಷ್ಟಲಿಂಗ ಎಲ್ಲಿದೆ ಅಂತ ಅವ್ವನಿಗೆ ಗೊತ್ತಿದ್ದಿದ್ದರೆ ಅವಳು ಆ ಪ್ರಶ್ನೆ ಕೇಳುವುದನ್ನೇ ಬಿಡುತ್ತಿದ್ದಳೋ ಏನೋ.

ಲಿಂಗಾಯತರಲ್ಲದ ಗೆಳೆಯರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು, ಅಂದರೆ ನಮ್ಮ ಜಂಗಮ ಗುರುಗಳು, ಬಂದು ಲಿಂಗಧಾರಣೆ ಮಾಡುತ್ತಾರೆ, ಒಂದು ಚಿಕ್ಕ ಲಿಂಗವನ್ನು ಮೈಗೆ ಕಟ್ಟುತ್ತಾರೆ. ಅದೇ ಇಷ್ಟಲಿಂಗ. ಅದು ಕಡೆಯವರೆಗೂ ಮೈಮೇಲೇ ಇರಬೇಕು. ಪೂಜೆಗೆ ಗುಡಿ ಬೇಡ, ಪೂಜಾರಿ ಬೇಡ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ನೀರು ಹನಿಸಿ, ಪತ್ರಿ ಏರಿಸಿ, ಮಂತ್ರ ಹೇಳುತ್ತ ಅದನ್ನೇ ನೋಡುತ್ತ ಕೂರುವುದು. ಅಷ್ಟೇ. ನಮ್ಮ ಅಜ್ಜಿ ಅದು ಆಗುವ ತನಕ ಒಂದು ಗುಟುಕು ನೀರು ಕುಡಿದವಳಲ್ಲ. ಜ್ವರ ಬಂದು ಮಲಗಿದ್ದಾಗಲೂ ಅಷ್ಟೇ, ಎಬ್ಬಿಸಿ ಕೂಡಿಸಿ ಅಂತಿದ್ದಳು.

ಇಂಥ ಮನೆಯಿಂದ ಬಂದವಳು ನಾನು. 2006ರಲ್ಲಿ ಬೆಂಗಳೂರಿಗೆ ಬಂದೆ. ಲಿಂಗ ಬಿಡು ಅಂತ ಇಲ್ಲಿ ಯಾರೂ ನನಗೆ ಹೇಳಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕಂದ್ರೆ ನಮ್ಮ ಶ್ರದ್ಧೆಯನ್ನು ಊರು ಹಾಳು ಮಾಡಿತು, ಕಾಲ ಹಾಳು ಮಾಡಿತು ಅಂತ ಬೈಯುವುದು ಸುಲಭ. ಆಫೀಸಿನಲ್ಲಿ ಒಬ್ಬರೂ ನನ್ನ ವಿಭೂತಿ ನೋಡಿ ನಕ್ಕಿಲ್ಲ. ನಾನೇ ಬಸ್ಸಿನಲ್ಲಿ, ಇಳಿಯುವ ಸ್ಟಾಪ್ ಬರುವ ಮುಂಚೆ, ಕರ್ಚೀಫಿನಿಂದ ಒರೆಸಿಕೊಳ್ಳುತ್ತಿದ್ದೆ. ಕೊರಳಲ್ಲಿ ಐಡಿ ಕಾರ್ಡಿನ ದಾರ ಬಂತು. ಲಿಂಗ ಕಟ್ಟಿದ ಶಿವದಾರ ಅದಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ. ರಾತ್ರಿ ಮತ್ತೆ ಕಟ್ಟಿಕೊಂಡರಾಯಿತು ಅಂತಲೇ ಇಟ್ಟದ್ದು.

ಪೂಜೆ ತಪ್ಪಲು ಶುರುವಾದದ್ದು ಇನ್ನೊಂದು ಕಾರಣಕ್ಕೆ. ಅದನ್ನು ಬರೆಯಲು ಸಂಕೋಚ ಆಗುತ್ತೆ, ಆದರೂ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಅವ್ವ ಮುಟ್ಟಾದ ದಿನಗಳಲ್ಲೂ ಲಿಂಗಪೂಜೆ ಮಾಡುತ್ತಿದ್ದಳು. ಜಾತಿ, ಹುಟ್ಟು, ಸಾವು, ಮುಟ್ಟು, ಎಂಜಲು, ಈ ಐದು ಸೂತಕಗಳು ಲಿಂಗ ಕಟ್ಟಿದವರಿಗೆ ಇಲ್ಲ ಅನ್ನುವುದು ಶರಣರು ನಮಗೆ ಕೊಟ್ಟ ಮಾತು. 12ನೇ ಶತಮಾನದಲ್ಲಿ ಒಬ್ಬ ಹೆಣ್ಣುಮಗಳಿಗೆ "ನಿನ್ನ ಮೈ ಯಾವ ದಿನವೂ ಮೈಲಿಗೆ ಅಲ್ಲ, ಎಲ್ಲ ದಿನವೂ ದೇವರನ್ನು ಕೈಯಲ್ಲಿ ಹಿಡಿ" ಅಂದರಲ್ಲ, ಅದು ಎಂಥ ಮಾತು! ನಾನು ಅದನ್ನು ಪುಕ್ಕಟೆ ಪಡೆದವಳು. ಪಿಜಿಯಲ್ಲಿದ್ದಾಗ ಜೊತೆಯವಳೊಬ್ಬಳು "ಅಯ್ಯೋ, ಈ ದಿನಗಳಲ್ಲೂ ಪೂಜೆನಾ?" ಅಂತ ಕಣ್ಣರಳಿಸಿದಳು. ಪಾಪ, ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನನಗೆ ಏನೋ ಆಯಿತು. ಆ ತಿಂಗಳು ಮೂರು ದಿನ ಬಿಟ್ಟೆ. ಮೂರು ದಿನ ಬಿಟ್ಟರೆ ನಾಲ್ಕನೇ ದಿನ ಕೂರಲು ಮೈ ಒಗ್ಗುವುದಿಲ್ಲ. ಮೂರು ಐದಾಯಿತು, ಐದು ವಾರವಾಯಿತು. ಮದುವೆ ಆಗುವ ಹೊತ್ತಿಗೆ ಪೂಜೆ ಅನ್ನುವುದು ಊರಿಗೆ ಹೋದಾಗ ಮಾಡುವ ಕೆಲಸ ಆಗಿತ್ತು.

ಜಾಗ ಖಾಲಿಯಾದರೆ ಖಾಲಿ ಉಳಿಯುವುದಿಲ್ಲ. ಒಂದೊಂದೇ ಒಳಗೆ ಬಂದವು. ಹೊಸ ಕಾರು ತಂದಾಗ ನಿಂಬೆಹಣ್ಣು, ಮೆಣಸಿನಕಾಯಿ. ಮಗ ರಾತ್ರಿ ಚೀರಿದಾಗ ಯಾರೋ ಮಂತ್ರಿಸಿ ಕೊಟ್ಟ ಕರಿ ದಾರ. ಗಂಡನ ಕೆಲಸ ಅಲುಗಾಡಿದಾಗ ಜಾತಕ, ಶನಿ, ಅದಕ್ಕೊಂದು ಶಾಂತಿ. ಮೊಬೈಲಿನಲ್ಲಿ ರಾಹುಕಾಲ ತೋರಿಸುವ ಆ್ಯಪ್. 2019ರಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ವಾಸ್ತು ನೋಡುವವರು ಬಂದು ಒಲೆಯ ದಿಕ್ಕು ಸರಿಯಿಲ್ಲ ಅಂದರು. ಹೊಸ ಅಡುಗೆಕಟ್ಟೆ, ಇನ್ನೂ ಒಂದು ದಿನ ಒಲೆ ಹಚ್ಚಿರಲಿಲ್ಲ, ಒಡೆಸಿ ಇನ್ನೊಂದು ಕಡೆ ಕಟ್ಟಿಸಿದೆವು. ಪ್ರತಿ ಸಲವೂ ನಾವು ಗಂಡ ಹೆಂಡತಿ ಆಡಿಕೊಂಡ ಮಾತು ಒಂದೇ. "ಇದೂ ಒಂದು ಇರಲಿ ಬಿಡು. ಏನು ನಷ್ಟ?"

ನಾನು ಈ ಬರಹ ಬರೆಯುತ್ತಿರುವುದೇ ಆ "ಇರಲಿ"ಯ ಸಲುವಾಗಿ. ದೇವರನ್ನು ಬಿಟ್ಟುಬಿಡುತ್ತೇನೆ ಅಂತ ಮನಸ್ಸು ಮಾಡಿ ಬಿಟ್ಟವರು ಕಡಿಮೆ. ನಮ್ಮಂಥವರು ಬಿಡುವುದಿಲ್ಲ, ಸೇರಿಸುತ್ತಾ ಹೋಗುತ್ತೇವೆ. ಮೋಜು ಮಸ್ತಿ, ಸಿನಿಮಾ, ಮಾಲು ನನ್ನನ್ನು ದೇವರಿಂದ ದೂರ ಒಯ್ದವು ಅಂತ ಹೇಳಿದರೆ ಸುಳ್ಳಾಗುತ್ತೆ. ನನ್ನನ್ನು ಎಳೆದದ್ದು ಹೆದರಿಕೆ. ಮಗನಿಗೆ ಏನಾದರೂ ಆದರೆ? ಇಎಂಐ ಕಟ್ಟಲು ಆಗದಿದ್ದರೆ? ಇರುವ ಒಬ್ಬ ದೇವರು ಸಾಲದೇ ಹೋದರೆ? ಒಂದೊಂದು "ಇರಲಿ"ಯ ಹಿಂದೆಯೂ ಈ ಕೊನೆಯ ಪ್ರಶ್ನೆ ಕೂತಿತ್ತು. ಅದನ್ನು ಬಾಯಿಬಿಟ್ಟು ಕೇಳಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಗೃಹಪ್ರವೇಶಕ್ಕೆ ಅವ್ವ ಬಂದಳು. ಮುಹೂರ್ತ ಬೆಳಗಿನ ಜಾವ ನಾಲ್ಕೂವರೆಗೆ. ಹೋಮ, ವಾಸ್ತು ಶಾಂತಿ, ಎಲ್ಲ ಆಯಿತು. ಅವ್ವ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿದ್ದಳು. ಏನೂ ಅನ್ನಲಿಲ್ಲ. ಬಂದವರಿಗೆ ಹೋಳಿಗೆ ಬಡಿಸಿದಳು. ಮಾರನೇ ದಿನ ಬೆಳಿಗ್ಗೆ ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕ, ಚಾಪೆ ಹಾಕಿ ಪೂಜೆಗೆ ಕೂತಳು. ಮುಗಿಸಿ ಒಳಗೆ ಬಂದು, "ನೀನೂ ಮಾಡ್ಕೊ ಬಾ, ನೀರು ಇಟ್ಟೀನಿ" ಅಂದಳು. ನಾನು ತಡವರಿಸಿದೆ. "ನಿನ್ನ ಲಿಂಗ ಎಲ್ಲೈತಿ?" ಅಂದಳು.

ಬ್ಯಾಂಕ್ ಲಾಕರಿನಲ್ಲಿತ್ತು. ಮದುವೆಗೆ ಮಾಡಿಸಿದ ಬೆಳ್ಳಿಯ ಲಿಂಗದಕಾಯಿ (ಲಿಂಗ ಇಡುವ ಕರಡಿಗೆ) ಅದು, ಒಳ್ಳೆ ತೂಕದ್ದು. ಬಂಗಾರದ ಜೊತೆ ಅದನ್ನೂ ಇಟ್ಟಿದ್ದೆವು. ಹೇಳಿದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಕಳುವಾಗ್ತೈತಿ ಅಂತ ಇಟ್ಟಿಯೇನು?" ಹೂಂ ಅಂದೆ. "ಬೆಳ್ಳಿ ಅಲ್ಲೇ ಇರಲಿ. ಲಿಂಗ ತಗೊಂಡು ಬಾ."

11 ವರ್ಷದ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಸೋಮವಾರ ಬ್ಯಾಂಕಿಗೆ ಹೋಗಿ ತಂದೆ. ತನ್ನ ಹಳೆಯ ಬಿಳಿ ಸೀರೆಯ ಅಂಚು ಬಿಟ್ಟು ಒಂದು ತುಂಡು ಹರಿದು, ಅದರಲ್ಲಿ ಲಿಂಗವನ್ನು ಸುತ್ತಿ, ದಾರ ಹಾಕಿ ನನ್ನ ಕೊರಳಿಗೆ ಕಟ್ಟಿದಳು. ಬೆಳ್ಳಿ ಕೊಳ್ಳಲಾಗದವರು ನಮ್ಮೂರಲ್ಲಿ ಹೀಗೇ ಕಟ್ಟಿಕೊಳ್ಳುತ್ತಾರೆ.

ಅವತ್ತಿನಿಂದ ಪೂಜೆ ಸರಾಗವಾಯಿತು ಅಂತ ಬರೆಯಲು ಆಗುವುದಿಲ್ಲ. ಮೊದಲ ವಾರ ಎರಡು ನಿಮಿಷ ನೋಡಲು ಆಗುತ್ತಿರಲಿಲ್ಲ. ಎಡಗೈ ನಡುಗುತ್ತಿತ್ತು, ರಾತ್ರಿ ಒಂದು ಗಂಟೆ ಹೊತ್ತು ಫೋನು ಹಿಡಿದರೂ ನಡುಗದ ಕೈ ಅದು. ಕಣ್ಣು ಲಿಂಗದ ಮೇಲೆ, ಮನಸ್ಸು ಆಫೀಸಿನ ಮೇಲ್ ಮೇಲೆ. ಅವ್ವನಿಗೆ ಹೇಳಿದೆ. "ಮನಸ್ಸು ಓಡಿದ್ರ ಓಡ್ಲಿ, ನೀ ಏಳಬ್ಯಾಡ" ಅಂದಳು. ಪೂಜೆಯ ಬಗ್ಗೆ ನನಗೆ ಸಿಕ್ಕ ಪಾಠ ಇಷ್ಟೇ. ಏಳು ವರ್ಷವಾಗುತ್ತ ಬಂತು, ಇವತ್ತಿಗೂ ಇದೇ ಸಾಕಾಗುತ್ತಿದೆ.

ಈಗ ಕೆಲವರು ಕೇಳುತ್ತೀರಿ, ಕಾಯಕವೇ ಕೈಲಾಸ ಅಲ್ವಾ, ನನ್ನ ಕೆಲಸವೇ ನನ್ನ ಪೂಜೆ, ಮತ್ತೆ ಬೆಳಿಗ್ಗೆ ಕೂರುವುದು ಯಾಕೆ ಅಂತ. ನಾನೂ ವರ್ಷಗಟ್ಟಲೆ ಇದೇ ಮಾತಿನ ಮರೆಯಲ್ಲಿ ನಿಂತಿದ್ದೆ. ಆ ಮಾತು ಆಯ್ದಕ್ಕಿ ಮಾರಯ್ಯನದು. ಕಾಯಕದಲ್ಲಿ ಮುಳುಗಿದಾಗ ಲಿಂಗಪೂಜೆಯನ್ನೂ ಮರೆಯಬೇಕು ಅಂತ ಅವನು ಹೇಳಿದ್ದು ನಿಜ. ಆದರೆ ಹೇಳಿದವನು ಯಾರು ಅಂತ ನೋಡಬೇಕು. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು, ಅದರಲ್ಲೇ ಜಂಗಮರಿಗೆ ಉಣಬಡಿಸಿ ದಾಸೋಹ ಮಾಡುತ್ತಿದ್ದ ಗಂಡ ಹೆಂಡತಿ ಅವರು. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟೊಂದು ಆಸೆ ಯಾಕೆ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಅಂತ ತಿರುಗಿಸಿ ಕಳಿಸಿದಳು. ನಾಳೆಗೆ ಇರಲಿ ಅನ್ನಲಿಲ್ಲ ಆ ತಾಯಿ! ನೆಲದಲ್ಲಿ ಬಿದ್ದ ಅಕ್ಕಿ ಆಯುವಷ್ಟು ಬಡತನ, ಆದರೂ ನಾಳೆಯ ಹೆದರಿಕೆಗೆ ಮನೆಯಲ್ಲಿ ಜಾಗ ಇರಲಿಲ್ಲ. ಅಂಥವರ ಕೆಲಸ ಪೂಜೆ ಆಗುತ್ತೆ. ನಾನು ಅಪ್ರೈಸಲ್ ಸಲುವಾಗಿ ರಾತ್ರಿ ಹನ್ನೊಂದರವರೆಗೆ ಮಾಡಿದ ಕೆಲಸಕ್ಕೆ ಆ ಹೆಸರು ಇಡಲು ನನಗೆ ಬಾಯಿ ಬರುವುದಿಲ್ಲ.

ಟೈಮ್ ಇಲ್ಲ ಅನ್ನುವವರಿಗೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ನೆನಪು ಮಾಡುತ್ತೇನೆ. ಸಾವಿರಾರು ಮಕ್ಕಳ ಊಟ, ಪಾಠ, ವಸತಿ ಹೊತ್ತವರು. 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಬೆಳಗಿನ ಜಾವದ ಪೂಜೆಗೆ ಟೈಮ್ ಸಿಗದಷ್ಟು ಕೆಲಸ ಅವರಿಗಿಂತ ನಮಗೆ ಹೆಚ್ಚಿದೆಯಾ?

ಮತ್ತೊಂದು ಮಾತು. ಹೋಮ, ಜ್ಯೋತಿಷ್ಯ, ವ್ರತ ಯಾರ ಮನೆಯ ಹಿರಿಯರ ದಾರಿಯೋ ಅವರನ್ನು ನಾನು ಆಡಿಕೊಳ್ಳುತ್ತಿಲ್ಲ. ನನ್ನ ಎದುರು ಮನೆಯ ಅಮ್ಮ ಅರುಣೋದಯಕ್ಕೆ ಎದ್ದು ತುಳಸಿಗೆ ನೀರೆರೆಯುವುದನ್ನು ನೋಡಿದರೆ ನನಗೆ ಕೈ ಮುಗಿಯಬೇಕು ಅನಿಸುತ್ತೆ. ಅವರು ತಮ್ಮ ದೇವರಿಗೆ ನಿಷ್ಠರು. ನಾನು ನನ್ನ ದೇವರಿಗೆ ನಿಷ್ಠಳಾಗಿರಲಿಲ್ಲ. ತಕರಾರು ಇರುವುದು ಅಲ್ಲಿ. ಶುಭ ಲಗ್ನ ಕೇಳಿದರೆ, ನಾಳೆಗಿಂತ ಇವತ್ತೇ ಒಳ್ಳೆಯ ದಿನ ಅಂತ ಹೇಳಿ ಎಂದು ಬಸವಣ್ಣ ಸ್ಪಷ್ಟವಾಗಿ ಹೇಳಿ ಹೋಗಿದ್ದಾನೆ. ಆ ವಚನವನ್ನು ನನ್ನ ಮಗ ಶಾಲೆಯಲ್ಲಿ ಬಾಯಿಪಾಠ ಮಾಡಿ ಬಹುಮಾನ ತಂದ. ಅದೇ ವಾರ ನಾನು ಅವನ ಟ್ಯೂಷನ್ ಶುರು ಮಾಡಲು ರಾಹುಕಾಲ ನೋಡಿದ್ದೆ. ಬಸವಣ್ಣ ಗುಹೆಯಲ್ಲಿ ಕೂತು ಇದನ್ನೆಲ್ಲ ಹೇಳಿದವನಲ್ಲ. ಕಲ್ಯಾಣದ ಅರಸ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವನು. ದುಡ್ಡು, ಅಧಿಕಾರ, ಚಾಡಿ, ಒತ್ತಡ ಎಲ್ಲದರ ನಡುವೆಯೇ ಇದ್ದ. ನಮಗಿಂತ ಗದ್ದಲ ಅವನ ಸುತ್ತ ಕಡಿಮೆ ಇತ್ತು ಅಂತ ನನಗನಿಸುವುದಿಲ್ಲ.

2022ರಲ್ಲಿ ಅವ್ವ ಹೋದಳು. ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತಾರೆ. ಹೊಲದಲ್ಲಿ ಕುಣಿ ತೋಡಿದ್ದರು. ಕಿವಿಯ ಬೆಂಡೋಲೆ, ಕೈಯ ಬಿಲ್ವಾರ ಒಂದೊಂದೇ ಬಿಚ್ಚಿ ತಂಗಿಯ ಕೈಗೆ ಕೊಟ್ಟರು. ಅಯ್ಯನವರು ಅವಳ ಎಡಗೈಯಲ್ಲಿ ಲಿಂಗ ಇಟ್ಟರು. ಬೆರಳು ಮಡಚುತ್ತಿರಲಿಲ್ಲ, ನಾನು ಹಿಡಿದುಕೊಂಡೆ. ಪತ್ರಿ, ವಿಭೂತಿ ಹಾಕಿದರು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಆ ಕೈ ಅರವತ್ತಕ್ಕೂ ಹೆಚ್ಚು ವರ್ಷ ದಿನಾ ಹಾಗೇ ಇರುತ್ತಿತ್ತು. ಅವತ್ತು ಅದಕ್ಕೆ ಹೊಸದೇನೂ ಇರಲಿಲ್ಲ.

ನಾನು ಕಾರಿನ ನಿಂಬೆಹಣ್ಣು ತೆಗೆದೆ. ರಾಹುಕಾಲದ ಆ್ಯಪ್ ತೆಗೆದೆ. ಹೆದರಿಕೆ ಪೂರ್ತಿ ಹೋಗಿಲ್ಲ. ಗಂಡ ಊರಿಗೆ ಹೊರಟ ದಿನ ಅಮಾವಾಸ್ಯೆ ಅಂತ ಗೊತ್ತಾದರೆ ಈಗಲೂ ಎದೆ ಒಂದು ಸಲ ಧಸಕ್ ಅನ್ನುತ್ತೆ. ಆಗ ಕೊರಳಿನ ಗಂಟು ಮುಟ್ಟಿ ನೋಡಿಕೊಳ್ಳುತ್ತೇನೆ.

ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಕಳೆದ ವಾರ ಬಂಧುಗಳೊಬ್ಬರು ಪರೀಕ್ಷೆಗೆ ಒಳ್ಳೆಯದಾಗಲಿ ಅಂತ ಎಲ್ಲಿಂದಲೋ ಒಂದು ಕೆಂಪು ದಾರ ತಂದು ಕೊಟ್ಟರು. ಬೇಡ ಅನ್ನಲು ನಾನು ಬಾಯಿ ತೆಗೆಯುವ ಮೊದಲೇ ಅವನು ಕೈ ಚಾಚಿ ಕಟ್ಟಿಸಿಕೊಂಡ. ಅವರು ಹೋದ ಮೇಲೆ ಅವನ ಮುಖ ನೋಡಿದೆ. "ಇರಲಿ ಬಿಡಮ್ಮಾ, ಏನು ನಷ್ಟ?" ಅಂದ.

ಆ ಮಾತು ಅವನಿಗೆ ಕಲಿಸಿದ್ದು ನಾನೇ. ಹಾಗಾಗಿ ದಾರ ಬಿಚ್ಚು ಅಂತ ಹೇಳಲಿಲ್ಲ. ಅವನ ಲಿಂಗವನ್ನು ಬೀರುವಿನಿಂದ ತೆಗೆದು ನನ್ನ ಲಿಂಗದ ಪಕ್ಕ ಇಟ್ಟಿದ್ದೇನೆ. ಬೆಳಿಗ್ಗೆ ಐದೂವರೆಗೆ ಎರಡು ಚಾಪೆ ಹಾಸುತ್ತೇನೆ. ಎರಡು ಲೋಟ ನೀರು ಇಡುತ್ತೇನೆ. ಬಾಗಿಲು ತೆರೆದೇ ಇಟ್ಟು ಕೂರುತ್ತೇನೆ.